ಡ್ರೈವ್ ಮಾಡುವಾಗ ಮ್ಯೂಸಿಕ್ ಆಪ್ ಯಾಕೆ ಇಷ್ಟು ತಲೆ ತಿನ್ನುತ್ತದೆ? ಪ್ರೀಮಿಯಂ ತಗೊಂಡರೆ ಸರಿಹೋಗುತ್ತಾ?

ಅರ್ಧ ಸರಿಹೋಗುತ್ತದೆ. ಹಾಡಿನ ನಡುವೆ ಕಿರುಚುವ ಜಾಹೀರಾತು ನಿಲ್ಲುತ್ತದೆ, ಹಾಡುಗಳನ್ನು ಡೌನ್‌ಲೋಡ್ ಮಾಡಿಕೊಳ್ಳಬಹುದು. ಉಳಿದ ಅರ್ಧ ತಲೆನೋವು ದುಡ್ಡು ಕಟ್ಟಿದ ಮೇಲೂ ಹಾಗೇ ಇರುತ್ತದೆ. ನಾನು ಆಗಾಗ ಬೆಂಗಳೂರಿನಿಂದ ಮಂಗಳೂರಿಗೆ ಕಾರಲ್ಲಿ ಹೋಗಿಬರುವುದುಂಟು, ಹಾಗಾಗಿ ಈ ಗೋಳು ಚೆನ್ನಾಗಿ ಗೊತ್ತು.

ಈ ಆಪ್‌ಗಳೆಲ್ಲ ಸೋಫಾ ಮೇಲೆ ಕೂತು ಕೇಳುವವರಿಗೆ ಮಾಡಿದ್ದು. ಕೈ ಖಾಲಿ ಇದೆ, ಕಣ್ಣು ಸ್ಕ್ರೀನ್ ಮೇಲಿದೆ, ನೆಟ್‌ವರ್ಕ್ ಇದ್ದೇ ಇದೆ ಅಂತ ಅವು ಅಂದುಕೊಂಡಿರುತ್ತವೆ. ಸ್ಟೀರಿಂಗ್ ಹಿಡಿದವರಿಗೆ ಈ ಮೂರೂ ಇಲ್ಲ.

ಮೊದಲು ನೆಟ್‌ವರ್ಕ್ ವಿಷಯ. ಸಕಲೇಶಪುರ ಬಿಟ್ಟು, ದೋಣಿಗಾಲ್ ದಾಟಿ ಶಿರಾಡಿ ಘಾಟಿ ಇಳಿಯಲು ಶುರುಮಾಡಿದರೆ ಗುಂಡ್ಯದವರೆಗೂ ಸಿಗ್ನಲ್ ಬಂದು ಹೋಗಿ ಆಡುತ್ತದೆ. ವಿಚಿತ್ರ ಅಂದರೆ, ಸಿಗ್ನಲ್ ಪೂರ್ತಿ ಹೋದರೆ ಅಷ್ಟು ತೊಂದರೆ ಇಲ್ಲ. ಆಗ ಆಪ್‌ಗೂ ಗೊತ್ತಾಗುತ್ತದೆ, ಡೌನ್‌ಲೋಡ್ ಆಗಿರುವುದನ್ನು ನುಡಿಸುತ್ತದೆ. ಒಂದೇ ಒಂದು ಪಾಯಿಂಟ್ ಉಳಿದಾಗಲೇ ಕಷ್ಟ. ಆನ್‌ಲೈನ್ ಇದ್ದೇನೆ ಅಂತಲೇ ನಂಬಿಕೊಂಡು ಅದು ಸರ್ವರ್‌ಗೆ ಕಾಯುತ್ತಾ ಕೂರುತ್ತದೆ. ಹಾಡು ಪಲ್ಲವಿಗೇ ನಿಂತಿರುತ್ತದೆ, ವೃತ್ತ ಸುತ್ತುತ್ತಲೇ ಇರುತ್ತದೆ. ಎದುರಿಗೆ ತಿರುವಿನಲ್ಲಿ ಟ್ಯಾಂಕರ್ ಲಾರಿ!

ಇದಕ್ಕೆ ಪರಿಹಾರ ಆಪ್‌ನ ಒಳಗೇ ಇದೆ. ಸೆಟ್ಟಿಂಗ್ಸ್‌ನಲ್ಲಿ ಆಫ್‌ಲೈನ್ ಮೋಡ್ ಅಂತ ಇದ್ದರೆ ಸಕಲೇಶಪುರದಲ್ಲಿ ಕಾಫಿಗೆ ನಿಲ್ಲಿಸಿದಾಗಲೇ ಅದನ್ನು ಆನ್ ಮಾಡಿಬಿಡಿ. ಏರೋಪ್ಲೇನ್ ಮೋಡ್ ಹಾಕಿ ಅಂತ ಕೆಲವರು ಹೇಳುತ್ತಾರೆ, ನನಗೆ ಅದು ಸರಿ ಕಾಣುವುದಿಲ್ಲ. ಘಾಟಿಯಲ್ಲಿ ಆ ಒಂದು ಪಾಯಿಂಟ್ ಫೋನ್ ಕರೆಗೆ ಬೇಕಾದೀತು. ಇನ್ನೊಂದು, ಡೌನ್‌ಲೋಡ್ ಆಯಿತು ಅಂದರೆ ಹಾಡು ನಮ್ಮದಾಯಿತು ಅಂತ ಅಲ್ಲ. ಸಾಮಾನ್ಯವಾಗಿ ತಿಂಗಳಿಗೊಮ್ಮೆಯಾದರೂ ಆಪ್ ಇಂಟರ್ನೆಟ್‌ಗೆ ಹೋಗಿ ಚಂದಾ ಇದೆಯಾ ಅಂತ ನೋಡಿಕೊಂಡು ಬರಬೇಕು. ಕಂಪನಿಗಳ ಒಪ್ಪಂದ ಮುರಿದರೂ ಹಾಡು ಮಾಯ. 2023ರ ಮಾರ್ಚ್‌ನಲ್ಲಿ ಜೀ ಮ್ಯೂಸಿಕ್ ಅನ್ನುವ ಕಂಪನಿಯ ಹಾಡುಗಳು ಸ್ಪಾಟಿಫೈ ಆಪ್‌ನಿಂದ ಹೋಗಿದ್ದು ಹಾಗೆಯೇ.

ಫೋನ್‌ಗೆ ಬಾಯಲ್ಲೇ ಹೇಳಿ ಹಾಡು ಹಾಕಿಸಿದರೆ ಆಯಿತಲ್ಲ ಅನ್ನಬಹುದು. ಕನ್ನಡ ಹಾಡಿನ ಮಟ್ಟಿಗೆ ಅದು ದೊಡ್ಡ ತಮಾಷೆ. ನಮ್ಮ ಹಾಡುಗಳ ಹೆಸರು ಬಹುಪಾಲು ಇಂಗ್ಲಿಷ್ ಅಕ್ಷರದಲ್ಲಿ ಇರುತ್ತದೆ, ಅದೂ ಒಬ್ಬೊಬ್ಬರು ಒಂದೊಂದು ಥರ ಬರೆದಿರುತ್ತಾರೆ. ದೀರ್ಘಕ್ಕೆ ಒಬ್ಬರು ಎರಡು ಅಕ್ಷರ ಹಾಕಿದರೆ ಇನ್ನೊಬ್ಬರು ಒಂದೇ. ನೀವು ಸರಿಯಾಗಿಯೇ ಹೇಳುತ್ತೀರಿ, ಅದು ತೆಲುಗು ಹಾಡನ್ನೋ ಪಂಜಾಬಿ ಹಾಡನ್ನೋ ಶುರು ಮಾಡುತ್ತದೆ. ಜೋರಾಗಿ ಹೇಳಿದರೂ ಅಷ್ಟೇ. ಪಕ್ಕದಲ್ಲಿ ಕೂತವರು ನಗುತ್ತಾರೆ. ನಾನು ಹಾಡಿನ ಹೆಸರು ಹೇಳುವುದನ್ನೇ ಬಿಟ್ಟು, ಪ್ಲೇಲಿಸ್ಟ್‌ಗಳಿಗೆ ‘ರೋಡ್ ಒನ್’, ‘ರೋಡ್ ಟೂ’ ಅಂತ ಸಪ್ಪೆ ಹೆಸರು ಇಟ್ಟಿದ್ದೇನೆ. ಆ ಹೆಸರು ಮಾತ್ರ ಫೋನ್‌ಗೆ ಚೆನ್ನಾಗಿ ಅರ್ಥವಾಗುತ್ತದೆ.

ವಾಲ್ಯೂಮ್ ಇನ್ನೊಂದು ಕಾಟ. ಹಳೇ ಹಾಡು ಮೆಲ್ಲಗೆ ಇದೆ ಅಂತ ಜಾಸ್ತಿ ಮಾಡಿದರೆ ಮುಂದಿನ ಹೊಸ ಹಾಡು ಕಿವಿ ಕಿತ್ತುಹೋಗುವ ಹಾಗೆ ಬರುತ್ತದೆ. ‘ನಾರ್ಮಲೈಸ್ ವಾಲ್ಯೂಮ್’ ಅಂತ ಆಪ್ಷನ್ ಇದ್ದರೆ ಆನ್ ಮಾಡಿ. ಚರಣದ ಮಧ್ಯೆ ಬಾಯಿ ಹಾಕಿ ದಾರಿ ಹೇಳುವ ಗೂಗಲ್ ಮ್ಯಾಪ್ಸ್ ಮೇಡಂಗೆ, ಗೊತ್ತಿರುವ ದಾರಿಯಾದರೆ ‘ಅಲರ್ಟ್ಸ್ ಓನ್ಲಿ’ (ಎಚ್ಚರಿಕೆ ಮಾತ್ರ) ಅನ್ನುವ ಆಪ್ಷನ್ ಸಾಕು.

ಓಡಿಸುತ್ತಾ ಫೋನ್ ಕೈಗೆ ತಗೊಂಡು ಹಾಡು ಹುಡುಕುವುದು ಮಾತ್ರ ಬೇಡವೇ ಬೇಡ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಮೂರು ಸೆಕೆಂಡ್ ಕಣ್ಣು ತಗ್ಗಿಸಿದರೆ ಕಾರು 50 ಮೀಟರ್ ಮುಂದೆ ಹೋಗಿರುತ್ತದೆ. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 184ನೇ ಸೆಕ್ಷನ್ ಕೂಡ ಇದನ್ನು ಅಪಾಯಕಾರಿ ಚಾಲನೆ ಅಂತಲೇ ಲೆಕ್ಕಕ್ಕೆ ತಗೊಳ್ಳುತ್ತದೆ.

ಇಷ್ಟೆಲ್ಲ ಯಾರಿಗೆ ಬೇಕು ಅನ್ನಿಸಿದರೆ ಪೆನ್‌ಡ್ರೈವ್ ಇದ್ದೇ ಇದೆ. ಸುಮ್ನೆ ಹೇಳುತ್ತಿಲ್ಲ, ನನ್ನ ಕಾರಿನಲ್ಲಿ ಈಗಲೂ ಒಂದು ಚುಚ್ಚಿಯೇ ಇರುತ್ತದೆ. ಐದು ನಿಮಿಷದ ಹಾಡು ಒಳ್ಳೆಯ ಗುಣಮಟ್ಟದ ಎಂಪಿ3ಯಲ್ಲಿ ಸುಮಾರು 12 ಎಂಬಿ. 16 ಜಿಬಿಯಲ್ಲಿ ಸಾವಿರಕ್ಕೂ ಮೇಲೆ ಹಾಡು ಹಿಡಿಯುತ್ತವೆ. ಆಪ್‌ನಲ್ಲಿ ಡೌನ್‌ಲೋಡ್ ಮಾಡಿದ್ದು ಇದಕ್ಕೆ ಕಾಪಿ ಆಗುವುದಿಲ್ಲ, ನಿಮ್ಮ ಹತ್ತಿರ ಸಿಡಿಯೋ ದುಡ್ಡು ಕೊಟ್ಟು ಕೊಂಡ ಫೈಲೋ ಇರಬೇಕು. ಕಾರ್ ಸ್ಟೀರಿಯೋ ಪೆನ್‌ಡ್ರೈವ್ ಓದದಿದ್ದರೆ ಅದನ್ನು ಕಂಪ್ಯೂಟರ್‌ನಲ್ಲಿ ಎಫ್‌ಎಟಿ32 ಅನ್ನುವ ಹಳೇ ಮಾದರಿಗೆ ಫಾರ್ಮ್ಯಾಟ್ ಮಾಡಿ ನೋಡಿ, ಹಳೇ ಸೆಟ್‌ಗಳು ಬೇರೆಯದನ್ನು ಅಷ್ಟಾಗಿ ಒಪ್ಪುವುದಿಲ್ಲ.