ಹೊಸ ಕಾಲಮ್ ಬೇಡ, ಇರೋದನ್ನೇ ಬದಲಾಯಿಸಿ

ಲಿಕ್ವಿಡ್ ಕ್ರೊಮ್ಯಾಟೋಗ್ರಫಿಯಲ್ಲಿ (ದ್ರಾವಕ ಹರಿಸಿ ಅಣುಗಳನ್ನು ಬೇರ್ಪಡಿಸುವ ವಿಧಾನ) ಬಳಸುವ ಗ್ಲಿಸಿಡಿಲ್ ಮೆಥಾಕ್ರಿಲೇಟ್ ಮಾನೊಲಿತ್, ಅಂದರೆ ರಂಧ್ರಗಳಿರುವ ಒಂದೇ ತುಂಡು ಪಾಲಿಮರ್ ತುಂಬಿದ ಕಾಲಮ್‌ನಲ್ಲಿ ಯುರಾಸಿಲ್, ಸೈಟೊಸಿನ್ ಎಂಬ ಪೋಲಾರ್ (ನೀರಿನ ಕಡೆ ಒಲವಿರುವ) ಅಣುಗಳೆರಡೂ ಡೆಡ್ ಟೈಮ್‌ನಲ್ಲೇ (ಹಿಡಿತವೇ ಸಿಗದ ಅಣು ಹೊರಬರುವ ಸಮಯ) ಹೊರಬರ್ತಿವೆ, ಬೇರೆ ಮಾನೊಮರ್ ಹಾಕಿ ಹೊಸದಾಗಿ ಮಾಡಬೇಕಾ ಅಂತ ಕೇಳಿದ್ದೀರಿ. ಬೇಡ. ನಿಮ್ಮ ಕಾಲಮ್‌ನಲ್ಲಿರುವ ಎಪಾಕ್ಸಿ ಗುಂಪುಗಳೇ ಒಳ್ಳೆಯ ಹಿಡಿಕೆ. 0.5 ಮೋಲಾರ್ ಸಲ್ಫ್ಯೂರಿಕ್ ಆಸಿಡ್ ಅನ್ನು 60 ಡಿಗ್ರಿಯಲ್ಲಿ ಕೆಲವು ಗಂಟೆ ನಿಧಾನವಾಗಿ ಹರಿಸಿದರೆ ಈ ಪುಟ್ಟ ಉಂಗುರಗಳು ತೆರೆದು ಡಯೋಲ್ (ನೀರನ್ನು ಹಿಡಿಯುವ ಎರಡು OH ಇರುವ ಗುಂಪು) ಆಗುತ್ತವೆ. ಆಮೇಲೆ ನೀರಿನಿಂದ ತೊಳೆಯಿರಿ, ತುದಿಯಿಂದ ಬೀಳುವ ಹನಿಯನ್ನು ಪಿಎಚ್ ಕಾಗದಕ್ಕೆ ಮುಟ್ಟಿಸಿ ನೋಡಿ, ಕೆಂಪಾಗೋದು ನಿಂತ ಮೇಲೂ ಸ್ವಲ್ಪ ಹೊತ್ತು ಬಿಡಿ.

ಮುಖ್ಯವಾದದ್ದು ಮೊಬೈಲ್ ಫೇಸ್, ಅಂದರೆ ಅಣುಗಳನ್ನು ಹೊತ್ತು ಕಾಲಮ್ ಮೂಲಕ ಹರಿಯುವ ದ್ರಾವಕ. ಜಾಸ್ತಿ ನೀರಿದ್ದರೆ ಡಯೋಲ್ ಇದ್ದೂ ಪ್ರಯೋಜನವಿಲ್ಲ. 90% ಅಸಿಟೋನೈಟ್ರೈಲ್, ಉಳಿದದ್ದು ಅಮೋನಿಯಂ ಅಸಿಟೇಟ್ ಬಫರ್ ಇಟ್ಟು ಶುರುಮಾಡಿ. ಆಗ ಮೇಲ್ಮೈ ಮೇಲೆ ನೀರು ಹೆಚ್ಚಿರುವ ತೆಳು ಪದರ ನಿಲ್ಲುತ್ತದೆ, ಪೋಲಾರ್ ಅಣುಗಳು ಅದರೊಳಗೆ ಹೋಗಿ ತಡವಾಗುತ್ತವೆ. ಪೋಲಾರ್ ಅಲ್ಲದ ಟೊಲ್ವೀನ್ ಮೊದಲು ಬಂದು ಪೋಲಾರ್ ಆದ ಥಯೋಯೂರಿಯಾ ಹಿಂದೆ ಉಳಿದರೆ ಬದಲಾವಣೆ ಕೆಲಸ ಮಾಡಿದೆ ಅಂತ ಅರ್ಥ.

ಡಯೋಲ್ ಹಿಡಿತ ಸಾಲದಿದ್ದರೆ ಸಲ್ಫೋಬೀಟೈನ್ ಮೆಥಾಕ್ರಿಲೇಟ್ (ಧನ, ಋಣ ಎರಡೂ ಆವೇಶವಿರುವ ಪೋಲಾರ್ ಮಾನೊಮರ್) ಅನ್ನು ಬೆಂಜೋಫಿನೋನ್ (ಬೆಳಕು ಬಿದ್ದಾಗ ಕ್ರಿಯೆ ಶುರುಮಾಡುವ ವಸ್ತು) ಜೊತೆ ಯುವಿಯಲ್ಲಿ ಗ್ರಾಫ್ಟ್ ಮಾಡಬಹುದು, ಅಂದರೆ ಮೇಲ್ಮೈಗೆ ಕಸಿ ಕಟ್ಟಬಹುದು, ಆದರೆ ಇದನ್ನು ಎಪಾಕ್ಸಿ ತೆರೆಯದ ಇನ್ನೊಂದು ತುಂಡಿನಲ್ಲಿ ಬೇರೆಯಾಗಿ ಮಾಡಿ ಹೋಲಿಸೋದು ಒಳ್ಳೇದು. ಕ್ಯಾಪಿಲರಿಯ (ಕಾಲಮ್ ಇರುವ ಸಣ್ಣ ಕೊಳವೆ) ಹೊರಗೆ ಕಂದು ಪಾಲಿಇಮೈಡ್ ಲೇಪ ಇದ್ದರೆ ಯುವಿ ಒಳಗೆ ಹೋಗೋದೇ ಇಲ್ಲ, ಟೆಫ್ಲಾನ್ ಲೇಪದ್ದು ಬೇಕು. ತುಂಬಾ ಹೊತ್ತು ಬೆಳಕು ಕೊಡಬೇಡಿ. ಗ್ರಾಫ್ಟ್ ದಪ್ಪವಾದರೆ ರಂಧ್ರಗಳು ಮುಚ್ಚಿ ಒತ್ತಡ ಏರುತ್ತದೆ, ಅದನ್ನು ಹಿಂದಕ್ಕೆ ತರೋಕಾಗಲ್ಲ. ಪ್ರತಿ ಹಂತಕ್ಕೆ ಮುಂಚೆ, ನಂತರ ಅದೇ ದ್ರಾವಕ, ಅದೇ ಫ್ಲೋನಲ್ಲಿ ಒತ್ತಡ ಬರೆದಿಡಿ.