ಮ್ಯಾನಿಟೊವಾಕ್‌ಗೆ ಖಂಡಿತ ಹೋಗಿ ಬನ್ನಿ

ಮಿಲ್ವಾಕಿಯಿಂದ ಅಪ್ಪ-ಅಮ್ಮನನ್ನು ಕರ್ಕೊಂಡು ಒಂದು ದಿನಕ್ಕೆ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಮಿಶಿಗನ್ ಸರೋವರದ ದಡದಲ್ಲಿರೋ ಮ್ಯಾನಿಟೊವಾಕ್‌ಗೆ ಹೋಗಬಹುದಾ, ಅಲ್ಲಿನ ಮ್ಯೂಸಿಯಂನಲ್ಲಿರೋ ಸಬ್‌ಮರೀನ್ ಅಲ್ಲೇ ಕಟ್ಟಿದ್ದಾ ಅಂತ ಕೇಳಿದ್ದೀರಿ. ಖಂಡಿತ ಹೋಗಿ, ಐ-43 ಹೆದ್ದಾರಿಯಲ್ಲಿ ಒಂದೂವರೆ ಗಂಟೆಯೊಳಗಿನ ದಾರಿ.

ಮ್ಯೂಸಿಯಂನ ಆ ಸಬ್‌ಮರೀನ್ ಕೋಬಿಯಾ ಕಟ್ಟಿದ್ದು ಕನೆಕ್ಟಿಕಟ್‌ನ ಗ್ರಾಟನ್‌ನಲ್ಲಿ. ಆದರೆ ಎರಡನೇ ಮಹಾಯುದ್ಧದಲ್ಲಿ ಈ ಪುಟ್ಟ ಊರು ಅಂಥವೇ 28 ಸಬ್‌ಮರೀನ್ ಕಟ್ಟಿಕೊಟ್ಟಿತು! ನದಿ ಕಿರಿದು, ಹಾಗಾಗಿ ಉದ್ದಕ್ಕೆ ಬಿಡದೆ ಪಕ್ಕಕ್ಕೆ ಜಾರಿಸಿ ಧುಮುಕಿಸ್ತಿದ್ರು. ಆಮೇಲೆ ಶಿಕಾಗೋವರೆಗೆ ಸರೋವರದಲ್ಲಿ, ಅಲ್ಲಿಂದ ಮುಂದೆ ತೇಲುವ ಡ್ರೈ ಡಾಕ್‌ (ಹಡಗನ್ನೇ ನೀರಿನಿಂದ ಎತ್ತಿ ಹೊರುವ ತೇಲು ಕಟ್ಟೆ) ಮೇಲೆ ಕೂರಿಸಿ ಮಿಸಿಸಿಪಿ ನದಿಯಲ್ಲಿ ನ್ಯೂ ಆರ್ಲಿಯನ್ಸ್‌ವರೆಗೆ ಸಾಗಿಸ್ತಿದ್ರು. ಅವುಗಳಲ್ಲಿ ನಾಲ್ಕು ಯುದ್ಧದಿಂದ ವಾಪಸ್ ಬರಲೇ ಇಲ್ಲ. ಇದನ್ನು ತಿಳ್ಕೊಂಡು ನದಿ ದಂಡೆಯಲ್ಲಿ ನಿಂತ್ರೆ ಊರೇ ಬೇರೆ ಥರ ಕಾಣುತ್ತೆ.

ಅಮ್ಮನಿಗೆ ಮಂಡಿನೋವು ಅಂದ್ರಲ್ಲ, ಕೋಬಿಯಾ ಒಳಗೆ ಕಷ್ಟ. ಒಂದೊಂದು ಕೋಣೆಗೂ ಮೊಟ್ಟೆಯಾಕಾರದ ಕಬ್ಬಿಣದ ಬಾಗಿಲು. ತಲೆ ಬಗ್ಗಿಸಿ, ಕಾಲೆತ್ತಿ ದಾಟಬೇಕು. ಅವರು ಮ್ಯೂಸಿಯಂ ನೋಡ್ತಿರಲಿ, ನೀವು ಅಪ್ಪ ಟೂರ್ ಮುಗಿಸಿ. ಟೂರ್ ಇದೆಯಾ ಅಂತ ಮೊದಲೇ ಫೋನ್ ಮಾಡಿ ಕೇಳಿ.

ಇಲ್ಲಿಂದ ಹೊರಡೋ, ಕಲ್ಲಿದ್ದಲಿನಿಂದ ಓಡೋ ಪ್ರಯಾಣಿಕರ ಹಡಗು ಬ್ಯಾಜರ್ ಹತ್ತೋದು ಒಂದು ದಿನದ ಪ್ರವಾಸಕ್ಕೆ ಆಗಲ್ಲ, ಸರೋವರದ ಆಚೆ ದಡದ ಲಡಿಂಗ್ಟನ್‌ಗೆ ಹೋಗೋಕೇ ನಾಲ್ಕು ಗಂಟೆ. ಬೇಸಿಗೆಯಲ್ಲಾದ್ರೆ ಅದು ಹೊರಡೋ ವೇಳೆಗೆ ದಡಕ್ಕೆ ಹೋಗಿ, ಅಪ್ಪನಿಗೆ ತುಂಬಾ ಇಷ್ಟ ಆಗುತ್ತೆ.