ಓದುಗರ ಪ್ರಶ್ನೆ: ಚೀನೀ ಅಕ್ಷರಕಲೆಯಲ್ಲಿ ಕುಂಚದ ಮೊನೆ

ಪ್ರಶ್ನೆ: ಚೀನೀ ಅಕ್ಷರಕಲೆಯನ್ನು ಮನೆಯಲ್ಲಿಯೇ ಅಭ್ಯಾಸ ಮಾಡುತ್ತಿದ್ದೇನೆ. ಅಡ್ಡಗೆರೆ ಎಳೆದಾಗ ಒಂದು ಅಂಚು ನುಣುಪಾಗಿಯೂ ಇನ್ನೊಂದು ಒರಟಾಗಿಯೂ ಬರುತ್ತದೆ. ದೋಷ ಕುಂಚದ್ದೋ, ಕೈಯದ್ದೋ? ವೇಗದ ಶೈಲಿಯಾದ ತ್ಸಾವ್‌ಶುವಿನಿಂದಲೇ ಆರಂಭಿಸಬಹುದೇ?

ಉತ್ತರ: ನೀವು ಹೇಳಿರುವ ಲಕ್ಷಣಕ್ಕೆ ಸಾಮಾನ್ಯವಾಗಿ ಮೊನೆ ಸಾಗುವ ದಾರಿಯೇ ಕಾರಣ. ಕುಂಚ ಓರೆಯಾಗಿ ಮಲಗಿದಾಗ ಮೊನೆ ಗೆರೆಯ ಒಂದು ಅಂಚನ್ನು ಹಿಡಿದು ಸಾಗುತ್ತದೆ. ರೋಮಗಳ ನಡುಭಾಗ ಉಜ್ಜಿಕೊಂಡು ಹೋದ ಇನ್ನೊಂದು ಅಂಚು ಒರಟಾಗುತ್ತದೆ. ಮೊನೆಯನ್ನು ಗೆರೆಯ ನಡುವಿನಲ್ಲಿಯೇ ನಡೆಸುವ ಕ್ರಮಕ್ಕೆ ಝೊಂಗ್‌ಫೆಂಗ್ ಎಂದು ಹೆಸರು. ಹೀಗೆ ನಡೆಸಿದಾಗ ಮಸಿ ಎರಡೂ ಬದಿಗೆ ಸಮನಾಗಿ ಇಳಿದು, ಗೆರೆ ಕಾಗದದ ಮೇಲೆ ಬಳಿದಂತೆ ಕಾಣದೆ ತುಂಬಿಕೊಂಡು ನಿಲ್ಲುತ್ತದೆ. ಓರೆಮೊನೆ ನಿಷಿದ್ಧವಲ್ಲ, ದೊಡ್ಡ ಕಲಾವಿದರೂ ಅದನ್ನು ಬಳಸಿದ್ದಾರೆ. ಆದರೆ ಅದು ಬೇಕೆಂದಾಗ ಮಾತ್ರ ಬರುವಷ್ಟು ಹಿಡಿತ ಮೊದಲು ಸಿದ್ಧಿಸಬೇಕು.

ಅಡ್ಡಗೆರೆಯನ್ನು ಹೀಗೆ ಅಭ್ಯಾಸ ಮಾಡಿ: ಮೊನೆಯನ್ನು ಮೊದಲು ತುಸು ಎಡಕ್ಕೆ ಸರಿಸಿ, ಬಲಕ್ಕೆ ತಿರುಗಿಸಿ ಒತ್ತಿ, ನಡುವೆ ಸ್ವಲ್ಪ ಎತ್ತಿಕೊಂಡು ಸಾಗಿ, ಕೊನೆಯಲ್ಲಿ ಮತ್ತೆ ಒತ್ತಿ ಬಂದ ದಾರಿಗೇ ಮೊನೆಯನ್ನು ಹಿಂದಿರುಗಿಸಿ. ಹಿಂದಿರುಗಿಸುವುದನ್ನು ಬಿಟ್ಟರೆ ರೋಮಗಳು ಸೀಳಿಕೊಂಡೇ ಮುಂದಿನ ಗೆರೆಗೆ ಹೋಗುತ್ತವೆ, ಆ ಗೆರೆಯೂ ಕೆಡುತ್ತದೆ. ಬೆರಳುಗಳು ಬಿಗಿಯಾಗಿರಲಿ, ಅಂಗೈಯೊಳಗೆ ಪೊಳ್ಳಿರಲಿ. ದೊಡ್ಡ ಅಕ್ಷರಗಳಿಗೆ ಮೊಣಕೈಯನ್ನೂ ಮೇಜಿನಿಂದ ಎತ್ತಬೇಕು.

ಮೇಕೆಯ ರೋಮದ ಕುಂಚ ಮೃದು, ಮಸಿಯನ್ನು ಹೆಚ್ಚು ಹಿಡಿಯುತ್ತದೆ. ಕಾಡುಮುಂಗುಸಿಯನ್ನು ಹೋಲುವ ವೀಸಲ್ ಪ್ರಾಣಿಯ ಬಾಲದ ರೋಮ ಪುಟಿಯುತ್ತದೆ. ಆರಂಭಕ್ಕೆ ಎರಡೂ ಬೆರೆತ ಕುಂಚ ಸಾಕು. ಹದಗೊಳಿಸದ ‘ಹಸಿ’ ಶ್ವೆನ್ ಎಂಬ ಚೀನೀ ಕಾಗದ ಮಸಿಯನ್ನು ಬೇಗ ಹೀರುವುದರಿಂದ, ನಿಧಾನಿಸುವ ಹೊಸಬರ ಗೆರೆ ಅದರ ಮೇಲೆ ಹಬ್ಬಿಬಿಡುತ್ತದೆ. ಚೌಕಗಳಿರುವ ಬಿದಿರಿನ ಕಾಗದ ಉತ್ತಮ.

ತ್ಸಾವ್‌ಶುವಿನಿಂದ ಆರಂಭಿಸಬೇಡಿ. ಗೆರೆಗಳನ್ನು ಬಿಡಿಬಿಡಿಯಾಗಿ ಬರೆಯುವ ಕಾಯ್‌ಶು ನಿಂತಂತೆ, ಅರೆವೇಗದ ಶಿಂಗ್‌ಶು ನಡೆದಂತೆ, ತ್ಸಾವ್‌ಶು ಓಡಿದಂತೆ ಎಂದು ಸೋಂಗ್ ಕಾಲದ ಕವಿ, ಅಕ್ಷರಕಲಾವಿದ ಸು ಶಿ (1037–1101) ಹೇಳಿದ್ದಾನೆ. ಚರಿತ್ರೆಯಲ್ಲಿ ತ್ಸಾವ್‌ಶುವೇ ಕಾಯ್‌ಶುವಿಗಿಂತ ಹಳೆಯದು, ಅದು ಹಾನ್ ಕಾಲದ ಬರಹದಿಂದ ಬೆಳೆದದ್ದು. ಆದರೂ ಕಲಿಕೆಗೆ ಸು ಶಿ ಹೇಳಿದ ಕ್ರಮವೇ ಸರಿ ಎಂಬುದು ನನ್ನ ದೃಢ ನಂಬಿಕೆ. ತಾಂಗ್ ಕಾಲದ ಅಕ್ಷರಕಲಾವಿದ ಯಾನ್ ಝೆನ್‌ಛಿಂಗ್ 752ರಲ್ಲಿ ಕಾಯ್‌ಶುವಿನಲ್ಲಿ ಬರೆದ ದುವೊಬಾವ್ ಸ್ತೂಪಶಾಸನದ ಅಚ್ಚುಪ್ರತಿಯನ್ನು ಮಾದರಿಯಾಗಿಟ್ಟುಕೊಳ್ಳಿ, ಬೇಗನೆ ಬದಲಿಸಬೇಡಿ. ಅದು ಕಲ್ಲಿನಿಂದ ತೆಗೆದ ಅಚ್ಚಾದ್ದರಿಂದ ಅಂಚುಗಳ ಚೂಪಿನಲ್ಲಿ ಉಳಿಯ ಪಾಲೂ ಇದೆ. ಅದನ್ನು ಕುಂಚದಿಂದ ಅನುಕರಿಸಲು ಹೋಗದೆ, ಗೆರೆಗಳ ಅಳತೆ, ಓರೆ ಮತ್ತು ನಡುವಿನ ಖಾಲಿ ಜಾಗವನ್ನು ಗಮನಿಸಿ ಬರೆಯಿರಿ.